ಕಂದು ಮಾತ್ರೆ ನುಂಗದ ವರ್ಷ

ನನಗೆ ತಲೆನೋವು ಶುರುವಾದದ್ದು ಆ ವರ್ಷದ ಮೂರನೇ ಬೆಳೆಯಲ್ಲಿ. ತಿಂಗಳ ಹೆಸರೇ ಬೇಕೆಂದರೆ ಜೂನ್. ಆದರೆ ರೇಷ್ಮೆ ಸಾಕುವವರ ಮನೆಯಲ್ಲಿ ಯಾರೂ ಜೂನ್ ಎನ್ನುವುದಿಲ್ಲ. ಕಾಲ ನಡೆಯುವುದೇ ಬೆಳೆಯ ಮೇಲೆ. ಹುಳು ಸೊಪ್ಪು ತಿನ್ನುವುದು ಬಿಟ್ಟು ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಮಗಳಿಗೆ ಮಾತು ಬಂದದ್ದು ಇಂಥ ಬೆಳೆಯ ಎರಡನೇ ಜ್ವರದಲ್ಲಿ, ಮಾವ ತೀರಿಕೊಂಡದ್ದು ಇಂಥ ಬೆಳೆಯ ಮೂರನೇ ಜ್ವರ ಎದ್ದ ದಿನ, ಹೀಗೆ ನೆನಪಿಟ್ಟುಕೊಳ್ಳುವ ಮನೆ ನಮ್ಮದು.

ನಾನು ಪಿಯುಸಿಯಿಂದಲೂ ದಿನಚರಿ ಬರೆಯುತ್ತೇನೆ. ಅದರಲ್ಲಿ ದೊಡ್ಡ ಮಾತೇನೂ ಇರುವುದಿಲ್ಲ. ಎಷ್ಟು ಸಲ ಸೊಪ್ಪು ಕೊಟ್ಟೆವು, ಯಾವ ತಟ್ಟೆಯ ಹುಳು ಮಂಕಾಯಿತು, ಮಗಳು ಊಟಕ್ಕೆ ಎಷ್ಟು ಹಟ ಮಾಡಿದಳು, ಬಸ್ಸು ಎಷ್ಟು ತಡ. ನನ್ನ ತವರು ಕೋಡಿಹಳ್ಳಿ ಕಡೆ. ಅಲ್ಲಿ ರಾಗಿ ಗೊತ್ತು, ಹಸು ಗೊತ್ತು. ರೇಷ್ಮೆಯ ಗಂಧಗಾಳಿ ಇರಲಿಲ್ಲ. ಮದುವೆಯಾಗಿ ಹೊಂಗನೂರಿನ ಹತ್ತಿರದ ಈ ಊರಿಗೆ ಬಂದ ಮೇಲೆ ಎಲ್ಲವನ್ನೂ ಬರೆದಿಟ್ಟುಕೊಂಡೇ ಕಲಿತೆ. ಅತ್ತೆ ನೆಂಟರ ಮುಂದೆ, "ನನ್ ಸೊಸೆ ಪರೀಕ್ಷೆಗೆ ಓದೋ ಅಂಗೆ ಉಳ ಸಾಕ್ತಾಳೆ ಕಣಮ್ಮಿ" ಎಂದು ನಗುತ್ತಿದ್ದರು. ಅದು ಹೊಗಳಿಕೆಯೋ ಹಂಗಿಸುವುದೋ, ಆ ದಿನ ಅವರ ಬೆನ್ನುನೋವು ಹೇಗಿತ್ತು ಎನ್ನುವುದರ ಮೇಲೆ ಹೋಗುತ್ತಿತ್ತು.

ನಮ್ಮ ಮನೆಯಲ್ಲಿ ಮುಟ್ಟಿನ ಕಟ್ಟುಪಾಡು ಬಹಳ ಇಲ್ಲ. ಆ ದಿನಗಳಲ್ಲೂ ನಾನೇ ಅಡುಗೆ ಮಾಡುತ್ತೇನೆ, ಎಲ್ಲರ ಜತೆಯೇ ಊಟಕ್ಕೆ ಕೂರುತ್ತೇನೆ, ಮಂಚದ ಮೇಲೇ ಮಲಗುತ್ತೇನೆ. ಹೋಗಬಾರದ ಜಾಗ ಎರಡೇ. ಒಂದು ದೇವರ ಕೋಣೆ, ಇನ್ನೊಂದು ಹುಳುಮನೆ. ಮುಟ್ಟಾದ ಹೆಂಗಸಿನ ನೆರಳು ಬಿದ್ದರೆ ಹುಳುವಿಗೆ ರೋಗ ತಗಲುತ್ತದೆ, ಮೈ ಉಬ್ಬಿ ಒಡೆದು ಹಾಲಿನಂಥ ನೀರು ಸೋರುತ್ತದೆ ಎಂದು ಅತ್ತೆ ನಂಬುತ್ತಾರೆ. ದೇವರ ಕೋಣೆ ತಪ್ಪಿದರೆ ಯಾರಿಗೂ ಕಷ್ಟವಿಲ್ಲ. ಹುಳುಮನೆ ತಪ್ಪಿದರೆ ನನ್ನ ಪಾಲಿನ ಸೊಪ್ಪು, ಕಸ, ತಟ್ಟೆ ಎಲ್ಲ ಅತ್ತೆಯ ಬೆನ್ನಿನ ಮೇಲೆ ಬೀಳುತ್ತದೆ. ಕೊನೆಯ ವಾರದಲ್ಲಂತೂ ಹುಳು ತಿನ್ನುವ ವೇಗಕ್ಕೆ ಮೂರು ಜನ ಸಾಲುವುದಿಲ್ಲ.

ಹೆರಿಗೆಯಾಗಿ ವರ್ಷ ತುಂಬಿದ ಮೇಲೆ ಆರೋಗ್ಯ ಕೇಂದ್ರದಲ್ಲಿ ಮಾತ್ರೆಯ ಹಾಳೆ ಕೊಟ್ಟರು. ಎರಡನೇ ಮಗು ಸ್ವಲ್ಪ ತಡವಾಗಿ ಇರಲಿ ಎಂದು ನಾನೂ ನನ್ನ ಗಂಡನೂ ಒಪ್ಪಿಕೊಂಡಿದ್ದೆವು. ಮೂರು ವಾರ ಬಿಳಿ ಮಾತ್ರೆ, ಆಮೇಲೆ ಒಂದು ವಾರ ಕಂದು. ಕಂದು ಮಾತ್ರೆ ಬರೀ ಕಬ್ಬಿಣದ ಅಂಶದ್ದು, ಆ ವಾರವೇ ಮುಟ್ಟಾಗುತ್ತದೆ ಎಂದು ನರ್ಸಮ್ಮ ಹೇಳಿಕೊಟ್ಟರು. ಮನೆಗೆ ಬರುವ ಬಸ್ಸಿನಲ್ಲೇ ನನಗೆ ಹೊಳೆಯಿತು. ಒಂದು ಬೆಳೆಯ ಗೂಡು ಮಾರಿದ ಮೇಲೆ ಹುಳುಮನೆ ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ಬಾಗಿಲು ಮುಚ್ಚಿ ಒಂದು ವಾರ ಖಾಲಿ ಬಿಡುತ್ತೇವೆ. ಕಂದು ಮಾತ್ರೆ ಆ ವಾರಕ್ಕೆ ಬಿದ್ದರೆ ಸಾಕು. ಆಗ ನಾನು ಹೊರಗಾದರೂ ಒಳಗೆ ಹೋಗುವ ಕೆಲಸವೇ ಇರುವುದಿಲ್ಲ.

ಹಾಗೇ ಮಾಡಿದೆ. ಅತ್ತೆಗೆ ವಿಷಯ ತಿಳಿದಾಗ ಬೈಯುತ್ತಾರೆ ಅಂದುಕೊಂಡಿದ್ದೆ.

"ಇಂಥದು ನಮ್ ಕಾಲ್ದಲ್ಲಿ ಇದ್ದಿದ್ರೆ ನನ್ ಸೊಂಟ ಇಂಗೆ ಬಗ್ತಿತ್ತಾ?" ಎಂದರು. "ನಮ್ಮತ್ತೆ ನಾನು ಹೊರಗಾದ್ರೆ, ಬೇಕಂತಲೇ ಆದ್ಲೇನೋ ಅನ್ನೋ ಅಂಗೆ ಬಯ್ಯೋದು. ಜಾಣೆ ಕಣ್ ಮಗ ನೀನು."

ನನಗೂ ಹೆಮ್ಮೆಯಾಯಿತು. ಮುಂದಿನ ವರ್ಷ ನಮ್ಮ ಪಕ್ಕದವರ ಹಿಪ್ಪುನೇರಳೆ ತೋಟವನ್ನು ಇವರು ಗುತ್ತಿಗೆಗೆ ಹಿಡಿದರು. ಸೊಪ್ಪು ಎರಡರಷ್ಟಾಯಿತು, ಎರಡನೇ ಹುಳುಮನೆಯೂ ಎದ್ದಿತು. ಒಂದು ಹುಳುಮನೆಯ ಬೆಳೆ ಗೂಡಾಗುವ ಹೊತ್ತಿಗೆ ಇನ್ನೊಂದರಲ್ಲಿ ಮರಿಹುಳು ಬಂದಿರುತ್ತಿದ್ದವು. ಖಾಲಿ ವಾರ ಎನ್ನುವುದೇ ಇಲ್ಲವಾಯಿತು. ಕಂದು ಮಾತ್ರೆಗೆ ಜಾಗ ಉಳಿಯಲಿಲ್ಲ. ಬಿಳಿ ಮುಗಿದರೆ ಮತ್ತೆ ಬಿಳಿ. ಕಂದು ಸಾಲು ಒಡೆಯದ ಹಾಳೆಗಳನ್ನು ಹಾರ್ಲಿಕ್ಸ್ ಬಾಟಲಿಯೊಂದಕ್ಕೆ ತುರುಕುತ್ತಾ ಹೋದೆ. ಬಾಟಲಿ ತುಂಬುತ್ತಾ ಬಂತು. ನಾನೂ ತುಂಬುತ್ತಾ ಬಂದೆ. ಬಾಣಂತನದ ಮೈ ಇಳಿಯಲೇ ಇಲ್ಲ, ಮೇಲೆ ಮತ್ತಷ್ಟು ಏರಿತು. ಬಳೆ ಬಿಗಿಯಾದವು. ಅದನ್ನು ಯಾರೂ ಕಾಯಿಲೆ ಎಂದು ನೋಡಲಿಲ್ಲ.

ತಲೆನೋವು ಬೆಳಿಗ್ಗೆ ಎದ್ದಾಗ ಹೆಚ್ಚು. ಹಣೆಯ ಒಳಗಿನಿಂದ ಯಾರೋ ಅಂಗೈ ಒತ್ತಿ ಹಿಡಿದ ಹಾಗೆ. ಕೆಮ್ಮಿದರೆ, ಬಗ್ಗಿದರೆ ಜಾಸ್ತಿ. ಹುಳುಮನೆಯಲ್ಲಿ ಬಗ್ಗದೆ ಯಾವ ಕೆಲಸವಿದೆ? ಕೆಳಗಿನ ತಟ್ಟೆಗೆ ಸೊಪ್ಪು ಹಾಕಿ ಎದ್ದು ನಿಂತರೆ ಕಣ್ಣ ಮುಂದೆ ಬೂದಿ ಚೆಲ್ಲಿದಂತಾಗುತ್ತಿತ್ತು. ನಾಲ್ಕೈದು ಉಸಿರಿನಷ್ಟು ಹೊತ್ತು, ಅಷ್ಟೇ. ಕಂಬ ಹಿಡಿದು ನಿಂತರೆ ತಿಳಿಯಾಗುತ್ತಿತ್ತು. ಬ್ಲೀಚಿಂಗ್ ಪುಡಿಯ ವಾಸನೆ ಎಂದರು ಅತ್ತೆ. ಬಿಸಿಲು ಎಂದರು ಇವರು. ಹೊಟ್ಟೆಗೆ ಸರಿಯಾಗಿ ತಿನ್ನದೆ ಎಂದು ಬರೆದುಕೊಂಡೆ ನಾನು. ಮೆಡಿಕಲ್ ಅಂಗಡಿಯ ತಲೆನೋವಿನ ಮಾತ್ರೆ ನುಂಗಿ ಕೆಲಸ ಮಾಡಿದೆ. ಆ ತಿಂಗಳುಗಳನ್ನು ನೆನೆಸಿಕೊಂಡರೆ ಈಗಲೂ ಮೊದಲು ನೆನಪಾಗುವುದು ನೋವಲ್ಲ, ಆಯಾಸ. ನಿಂತಲ್ಲೇ ನಿದ್ದೆ ಬರುವಂಥ, ನಿದ್ದೆ ಮಾಡಿದರೂ ಹೋಗದ ಆಯಾಸ.

ನಾಲ್ಕನೇ ಬೆಳೆಯಲ್ಲಿ ಹಣ್ಣುಹುಳು ಆಯುವಾಗ ತಪ್ಪು ಮಾಡಿದೆ. ಹಣ್ಣಾದ ಹುಳು ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಓಲಾಡುತ್ತದೆ. ಬೆಳಕಿಗೆ ಹಿಡಿದರೆ ಮೈ ಪಾರದರ್ಶಕ, ಒಳಗೆ ತಿಳಿ ಜೇನು ತುಂಬಿದ ಹಾಗೆ. ಅಂಥವನ್ನು ಮಾತ್ರ ಆಯ್ದು ಚಂದ್ರಿಕೆಗೆ, ಅಂದರೆ ಸುರುಳಿ ಸುತ್ತಿದ ಬಿದಿರಿನ ತಟ್ಟಿಗೆ, ಬಿಡಬೇಕು. ಅಲ್ಲಿ ಅವು ಗೂಡು ಕಟ್ಟುತ್ತವೆ. ಮದುವೆಯಾದ ಎರಡನೇ ವರ್ಷಕ್ಕೇ ನನಗೆ ಆ ಬಣ್ಣ ಕೈವಶವಾಗಿತ್ತು. ಆ ದಿನ ಅತ್ತೆ ನನ್ನ ಚಂದ್ರಿಕೆಯ ಮುಂದೆ ನಿಂತು ಹುಳು ಹೆಕ್ಕಿ ಹೆಕ್ಕಿ ವಾಪಸ್ಸು ತಟ್ಟೆಗೆ ಹಾಕತೊಡಗಿದರು.

"ಏನವ್ವ ಇದು? ಎಲ್ಲಾ ಹಸೀ ಉಳ. ಇವ್ನ ಚಂದ್ರಿಕೆಗೆ ಬುಟ್ರೆ ಗೂಡು ಕಟ್ತವಾ, ಬಿದ್ದು ಸಾಯ್ತವಾ?"

"ಹಣ್ಣಾಗಿದೆ ಅನ್ಕೊಂಡೆ ಅತ್ತೆ."

"ಅನ್ಕೊಂಡ್ರೆ ಆಯ್ತಾ? ಬೆಳಕಿಗೆ ಇಡ್ದು ನೋಡ್ಬೇಕು. ಕಣ್ಣೇನು ತವರ್ನಲ್ಲೇ ಬುಟ್ಟು ಬಂದ್ಯಾ?"

ಬೆಳಕಿಗೆ ಹಿಡಿದೇ ನೋಡಿದ್ದೆ. ನನಗೆ ಎಲ್ಲ ಹುಳುವೂ ಒಂದೇ ಮಬ್ಬು ಹಳದಿಯಾಗಿ ಕಂಡಿದ್ದವು.

ಚನ್ನಪಟ್ಟಣದ ಕನ್ನಡಕದ ಅಂಗಡಿಗೆ ಹೋದೆ. ಅವರು ಅಕ್ಷರ ಓದಿಸಿ, ಸಣ್ಣ ನಂಬರು ಎಂದು ಕನ್ನಡಕ ಮಾಡಿಕೊಟ್ಟರು. ಹಾಕಿಕೊಂಡು ಮನೆಗೆ ಬಂದಾಗ ಇವರು ಜಗುಲಿಯಿಂದ ಎದ್ದು ನಿಂತು, "ಬನ್ನಿ ಮೇಡಂ, ಕೂತ್ಕಳಿ, ಯಾವ ಸ್ಕೂಲಿಗೆ ಟ್ರಾನ್ಸ್‌ಫರ್ ಆಗೈತೆ?" ಎಂದರು. ಮಗಳು ಕನ್ನಡಕ ಕಿತ್ತುಕೊಂಡು ನಾಯಿಗೆ ಹಾಕಲು ಓಡಿದಳು. ಎಲ್ಲರೂ ನಕ್ಕೆವು. ಕನ್ನಡಕದಿಂದ ಏನೂ ಬದಲಾಗಲಿಲ್ಲ.

ಆ ನಡುವೆ ಸದ್ದು ಶುರುವಾಯಿತು. ಕೊನೆಯ ಹಂತದ ಹುಳುಗಳು ಸೊಪ್ಪು ತಿನ್ನುವಾಗ ಹುಳುಮನೆಯಲ್ಲಿ ಒಂದು ಸದ್ದಿರುತ್ತದೆ. ತಗಡಿನ ಮೇಲೆ ಸೋನೆ ಬಿದ್ದ ಹಾಗೆ. ಮೊದಮೊದಲು ಬಲಗಿವಿಯಲ್ಲಿ ಕೇಳಿದಾಗ ಅದೇ ಎಂದುಕೊಂಡೆ. ಒಂದು ದಿನ ಮಧ್ಯಾಹ್ನ ಹುಳುಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಇವರು ತೊಳೆದ ಚಂದ್ರಿಕೆಗಳನ್ನು ಗೋಡೆಗೆ ಒರಗಿಸುತ್ತಿದ್ದರು.

"ರೀ, ಹುಳಕ್ಕೆ ಸೊಪ್ಪು ಹಾಕಿದ್ರಾ? ಸದ್ದು ಜೋರಾಗೈತೆ."

"ಯಾವ ಉಳಾನೇ?"

"ಒಳಗಡೆದು."

ಇವರು ಚಂದ್ರಿಕೆ ಕೆಳಗಿಟ್ಟು ನನ್ನ ಮುಖ ನೋಡಿದರು. "ಗೂಡು ನೆನ್ನೆ ರಾಮನಗರದ ಮಾರ್ಕೆಟ್ಟಲ್ಲಿ ಮಾರ್ಬುಟ್ಟು ಬಂದೀವ್ನಿ. ಒಳಗೆ ಏನೂ ಇಲ್ಲ. ಆ ಕಡೆ ಮನೇಲಿ ಮರಿ ಬಂದವೆ, ಅವು ತಿಂದ್ರೆ ಸೊಳ್ಳೆಗೂ ಕೇಳಾಕಿಲ್ಲ."

ನಾನು ಎದ್ದು ಬಾಗಿಲು ತೆರೆದು ನೋಡಿದೆ. ಖಾಲಿ ತಟ್ಟೆಗಳು, ಸುಣ್ಣದ ವಾಸನೆ. ಸದ್ದು ಮಾತ್ರ ಹಾಗೇ ಇತ್ತು. ಮುಂಗೈ ನಾಡಿ ಹಿಡಿದೆ. ನಾಡಿ ಬಡಿದ ಹಾಗೆಲ್ಲ ಕಿವಿಯಲ್ಲಿ ಅದು ಏರಿ ಇಳಿಯಿತು. ನನ್ನ ತಲೆಯೊಳಗೆ ಏನೋ ಸೊಪ್ಪು ತಿನ್ನುತ್ತಿದೆ ಅನ್ನಿಸಿತು. ಇವರಿಗೆ ಹೇಳಿದರೆ ಮತ್ತೆ ನಗುತ್ತಾರೆಂದು ಸುಮ್ಮನಾದೆ. ಆದರೆ ಆ ದಿನದಿಂದ ಭಯ ಹತ್ತಿತು.

ಐದನೇ ಬೆಳೆಯ ನಾಲ್ಕನೇ ಜ್ವರ ಎದ್ದ ದಿನ ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಒಂದೇ ಬೋರ್ಡಿನ ಎರಡು ಬಸ್ಸು ಪಕ್ಕಪಕ್ಕ ಬಂದವು. ಒಂದು ಕಣ್ಣು ಮುಚ್ಚಿದೆ. ಒಂದು ಬಸ್ಸು ಮಾಯವಾಯಿತು. ಇವರಿಗೆ ಫೋನು ಮಾಡಿ ಅಲ್ಲೇ ಕಟ್ಟೆಯ ಮೇಲೆ ಕೂತೆ. ಬೈಕಿನಲ್ಲಿ ಬಂದು ಸೀದಾ ರಾಮನಗರದ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು.

ಡಾಕ್ಟರು ನನ್ನ ತಾಯಿಯ ವಯಸ್ಸಿನ ಹೆಂಗಸು. ಕಣ್ಣಿಗೆ ಔಷಧ ಬಿಟ್ಟು ಕೂರಿಸಿ, ಆಮೇಲೆ ದೀಪ ಹಾಕಿ ಬಹಳ ಹೊತ್ತು ನೋಡಿದರು. ಇನ್ನೊಂದು ಕಣ್ಣು ನೋಡಿ ಮತ್ತೆ ಮೊದಲನೆಯದನ್ನು ನೋಡಿದರು.

"ಏನೇನು ಮಾತ್ರೆ ತಗೋತಿದ್ದೀಯಮ್ಮ?"

"ಏನಿಲ್ಲ ಮೇಡಂ. ತಲೆನೋವಿಗೆ ಒಂದೊಂದು ಸಲ."

"ಥೈರಾಯ್ಡಿಗೆ? ಮೊಡವೆಗೆ?"

"ಇಲ್ಲ."

"ಮಕ್ಕಳಾಗದೇ ಇರೋಕೆ?"

"ಅದು ತಗೋತೀನಿ."

"ಅದು ಮಾತ್ರೆ ಅಲ್ವಾ?"

ಮಗಳು ಉಗುಳಿದ ತುತ್ತನ್ನೂ ಬರೆದಿಡುವ ನನಗೆ, ಅದು ನನ್ನ ಮೈಗೆ ಹೋಗುವ ಔಷಧ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಅದು ಹುಳುಮನೆಯ ಸಾಮಾನು. ಬ್ಲೀಚಿಂಗ್ ಪುಡಿ, ಸುಣ್ಣ, ಬಿಳಿ ಮಾತ್ರೆ. ಬೆಳೆ ಕೆಡದಿರಲು ಬೇಕಾದವು. ಕಂದು ಮಾತ್ರೆ ಬಿಟ್ಟ ಕಥೆಯನ್ನೂ ಹೇಳಿದೆ. ಅವರು ಬೈಯಲಿಲ್ಲ. ಬಿಡುವು ಕೊಡದೆ ತೆಗೆದುಕೊಳ್ಳಿ ಎಂದು ಕೆಲವರಿಗೆ ಡಾಕ್ಟರೇ ಹೇಳುವುದುಂಟಂತೆ. ಆದರೆ ಅವರನ್ನು ಯಾರಾದರೂ ನೋಡಿಕೊಳ್ಳುತ್ತಿರುತ್ತಾರೆ, ನಿನ್ನನ್ನು ಯಾರೂ ನೋಡಿಲ್ಲ ಎಂದರು.

ಆಮೇಲೆ ಇವರನ್ನೂ ಒಳಗೆ ಕರೆದು ಇಬ್ಬರಿಗೂ ಹೇಳಿದರು. ಮಿದುಳಿನ ಸುತ್ತ ನೀರಿರುತ್ತದೆ. ಅದರ ಒತ್ತಡ ಹೆಚ್ಚಾದರೆ ಬುರುಡೆ ಹಿಗ್ಗುವುದಿಲ್ಲ, ಆ ಒತ್ತಡ ಕಣ್ಣಿನ ನರದ ಮೇಲೆ ಬೀಳುತ್ತದೆ. ಎರಡೂ ಕಣ್ಣಿನ ನರ ಊದಿವೆ. ಮಾತ್ರೆ ಇವತ್ತೇ ನಿಲ್ಲಬೇಕು. ತಲೆಯೊಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೋ ನೋಡಬೇಕು, ಆ ಮಾತ್ರೆಯಿಂದ ಅದೂ ಆಗುವುದುಂಟು. ಇವತ್ತೇ ಬೆಂಗಳೂರಿಗೆ ಹೋಗಬೇಕು.

"ಇವತ್ತೇನಾ ಮೇಡಂ?" ಎಂದರು ಇವರು. "ಉಳ ನಾಲ್ಕನೇ ಜ್ವರ ಎದ್ದವೆ. ಒಂದ್ ವಾರ ತಡ್ದು—"

"ಹುಳ ಎದ್ದಿರಲಿ ಬಿಡಪ್ಪ. ಇವಳ ಕಣ್ಣು ಹೋದ್ರೆ ವಾಪಸ್ಸು ಬರಲ್ಲ."

ಇವರ ಮುಖದ ಬಣ್ಣ ಇಳಿದದ್ದು ನನಗೆ ಎರಡೆರಡಾಗಿ ಕಾಣಿಸಿತು. ಹೊರಗೆ ಬಂದು ಅತ್ತೆಗೆ ಫೋನು ಮಾಡಿದರು. ಏನು ಹೇಳಿದರೋ, ಆ ಕಡೆಯಿಂದ ಅತ್ತೆಯ ಗಂಟಲು ನನಗೂ ಕೇಳುವಷ್ಟು ಜೋರಾಗಿತ್ತು. "ಉಳ ನಾನು ನೋಡ್ಕತೀನಿ ಕಣ್ಲಾ, ಕೂಲಿಯೋರ್ನ ಕರಿತೀನಿ. ನೀನು ನಿಂತ್ಕಂಡು ಮಾತಾಡ್ಬೇಡ, ಬಿರ್ನೆ ಕರ್ಕಂಡು ಓಗು."

ಬೆಂಗಳೂರಿನ ಆಸ್ಪತ್ರೆಯ ದಿನಗಳು ದಿನಚರಿಯಲ್ಲಿ ಬಹಳ ಚಿಕ್ಕದಾಗಿವೆ. ಕಾದೆವು. ಸ್ಕ್ಯಾನ್ ಆಯಿತು. ಕಾದೆವು. ಹೆಪ್ಪು ಇಲ್ಲ, ಗಡ್ಡೆ ಇಲ್ಲ ಎಂದರು. ಮಗ್ಗುಲಾಗಿ ಮಲಗಿಸಿ, ಮಂಡಿಯನ್ನು ಹೊಟ್ಟೆಗೆ ಮಡಿಸಿ, ಬೆನ್ನಿನ ಕೆಳಭಾಗದಲ್ಲಿ ಸೂಜಿ ಹಾಕಿ ನೀರಿನ ಒತ್ತಡ ನೋಡಿದರು. ಇರಬೇಕಾದದ್ದಕ್ಕಿಂತ ಬಹಳ ಹೆಚ್ಚಿತ್ತು. ನೀರು ತೆಗೆದ ಮೇಲೆ ಸಂಜೆ ಕಿವಿಯ ಸದ್ದು ತಗ್ಗಿತು. ಅಷ್ಟು ತಿಂಗಳ ಮೇಲೆ ಬಂದ ಆ ಸುಮ್ಮನಿರುವಿಕೆಗೆ ಅಳು ಬಂತು. ಪಕ್ಕದ ಮಂಚದವರು ಸೂಜಿಯ ನೋವಿಗೆ ಎಂದುಕೊಂಡು ಸಮಾಧಾನ ಹೇಳಿದರು.

ಅಲ್ಲಿನ ಡಾಕ್ಟರನ್ನು ನಾನೇ ಕೇಳಿದೆ, "ಮಾತ್ರೆಯಿಂದಲೇ ಬಂತಾ ಸರ್?"

"ಹಾಗಂತ ನಾನು ಬರೆದುಕೊಡೋಕಾಗಲ್ಲ," ಎಂದರು. ಎಷ್ಟೋ ಹೆಂಗಸರು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ, ಏನೂ ಆಗುವುದಿಲ್ಲ. ಸಂಬಂಧ ಇರಬಹುದು ಎನ್ನುವವರಿದ್ದಾರೆ, ಅಷ್ಟು ಪುರಾವೆ ಇಲ್ಲ ಎನ್ನುವವರೂ ಇದ್ದಾರೆ. ನನ್ನ ವಯಸ್ಸಿನ ಹೆಂಗಸಿಗೆ ತೂಕ ಏರಿದ್ದು ಅದಕ್ಕಿಂತ ಗಟ್ಟಿ ಕಾರಣ. "ಯಾವುದು ಎಷ್ಟು ಅಂತ ಬಿಡಿಸಿ ಹೇಳೋಕೆ ಬರಲ್ಲ. ಆದರೆ ಅನುಮಾನ ಇರೋದನ್ನ ನಿಮ್ಮ ಕಣ್ಣಿನ ಮೇಲೆ ಪರೀಕ್ಷೆ ಮಾಡಲ್ಲ ನಾನು. ಹಾರ್ಮೋನಿನದು ಬೇಡ. ತೂಕ ಇಳಿಸಿ. ಈ ಮಾತ್ರೆ ನುಂಗಿ."

ಎಲ್ಲದಕ್ಕೂ ಒಂದು ಕಾರಣ, ಒಂದು ತಾರೀಕು ಬರೆದುಕೊಳ್ಳುವವಳಿಗೆ ಈ ಉತ್ತರದಿಂದ ಸುಸ್ತಾಯಿತು. ಮಾತ್ರೆಯದೇ ತಪ್ಪು ಎಂದಿದ್ದರೆ ಸಿಟ್ಟು ಮಾಡಬಹುದಿತ್ತು. ಅಲ್ಲವೇ ಅಲ್ಲ ಎಂದಿದ್ದರೆ ಬಿಟ್ಟುಬಿಡಬಹುದಿತ್ತು. ಇರಬಹುದು ಎನ್ನುವುದನ್ನು ಯಾವ ಸಾಲಿನಲ್ಲಿ ಬರೆಯುವುದು?

ಒಂದು ಯಂತ್ರದ ಬಟ್ಟಲಿನೊಳಗೆ ಮುಖ ಇಡಿಸಿ, ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅಚ್ಚಾಗಿ ಬಂದ ಚಿತ್ರದಲ್ಲಿ ಎಡಗಣ್ಣಿಗೆ ಅಂಚು ಮಾತ್ರ ಮಬ್ಬಿತ್ತು. ಬಲಗಣ್ಣಿಗೆ ಮೂಗಿನ ಕಡೆ ಕೆಳಭಾಗದಲ್ಲಿ ಕಪ್ಪು. ಅಲ್ಲಿ ಬೆಳಕು ಬಂದಿತ್ತು, ನಾನು ನೋಡಿರಲಿಲ್ಲ. ನೋಡಿಲ್ಲ ಎನ್ನುವುದೇ ನನಗೆ ಗೊತ್ತಾಗಿರಲಿಲ್ಲ.

ಮನೆಗೆ ಬಂದಾಗ ಹುಳು ಚಂದ್ರಿಕೆ ಏರಿದ್ದವು. ನಾನಿಲ್ಲದೆ ಬೆಳೆಗೆ ಏನೂ ಆಗಿರಲಿಲ್ಲ. ಅದು ಸಮಾಧಾನದ ವಿಷಯ, ಆದರೂ ಮೆಟ್ಟಿಲ ಮೇಲೆ ಕೂತು ಅದನ್ನೇ ಯೋಚಿಸುತ್ತಿದ್ದೆ. ಕೂಲಿಗೆ ಬಂದಿದ್ದ ಅಕ್ಕ ಪಕ್ಕದಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಊರಿನ ಅರ್ಧ ಹುಳುಮನೆಗಳಲ್ಲಿ ಹಣ್ಣುಹುಳು ಆಯಲು ಹೋಗುವವರು ಅವರು. ಬಹಳ ದಿನದಿಂದ ತಲೆಯಲ್ಲಿದ್ದದ್ದನ್ನು ಕೇಳಿದೆ.

"ಅಕ್ಕ, ನೀವು ಹೊರಗಾದಾಗ ಏನ್ ಮಾಡ್ತೀರಿ?"

"ಏನ್ ಮಾಡಾದು? ಬತ್ತೀವಿ."

"ಹುಳುಮನೆಗೆ?"

"ಇನ್ನೆಲ್ಲಿಗೆ? ಕೂಲಿಯೋರ್ನ ಯಾರವ್ವ ಅದ್ನೆಲ್ಲ ಕೇಳ್ತಾರೆ? ಅವ್ರೂ ಕೇಳಾಕಿಲ್ಲ, ನಾವೂ ಏಳಾಕಿಲ್ಲ." ಆಮೇಲೆ ಒಳಗೆ ಇಣುಕಿ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ನಿಮ್ಮತ್ತೆ ಕಿವಿಗೆ ಆಕ್ಬೇಡ ತಾಯಿ. ಮನೆ ಮನೆಯೆಲ್ಲ ತೊಳಿಸ್ಬುಡ್ತದೆ."

ನಾನೂ ನಕ್ಕೆ. ಅತ್ತೆಗೆ ಹೇಳಲಿಲ್ಲ. ಹೇಳಿದರೆ ಅಕ್ಕನ ಕೂಲಿ ಹೋಗುತ್ತಿತ್ತು, ನನ್ನ ಕಣ್ಣು ಬರುತ್ತಿರಲಿಲ್ಲ.

ಬಿಳಿ ಮಾತ್ರೆ ಹೋಗಿ ಒತ್ತಡದ ಮಾತ್ರೆ ಬಂತು. ನುಂಗಿದರೆ ಬೆರಳ ತುದಿ, ತುಟಿ ಎಲ್ಲ ಜುಮ್ಮೆನ್ನುತ್ತವೆ. ಸೋಡಾ ಕುಡಿದರೆ ಮಣ್ಣಿನ ರುಚಿ. ಅನ್ನ ಕಡಿಮೆ ಮಾಡಿದೆ, ಬೆಳಿಗ್ಗೆ ತೋಟದ ಸುತ್ತ ನಡೆದೆ. ಆರೋಗ್ಯ ಕೇಂದ್ರದಲ್ಲಿ ಹಾರ್ಮೋನಿಲ್ಲದ ಕಾಪರ್-ಟಿ ಹಾಕಿದರು. ಅದರಿಂದ ಕೆಲವರಿಗೆ ಮುಟ್ಟು ಜಾಸ್ತಿ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು, ನನಗೆ ಹಾಗೇ ಆಯಿತು. ಮೊದಲು ಮೂರು ದಿನ ಹೊರಗಿರುತ್ತಿದ್ದವಳು ಈಗ ಆರೇಳು ದಿನ. ಏಳನೇ ಬೆಳೆಯ ಕೊನೆಯ ವಾರ ಪೂರ್ತಿ ನಾನು ಅಂಗಳದಲ್ಲಿ, ಅತ್ತೆ ಒಳಗೆ. ತಟ್ಟೆ ಎತ್ತುವಾಗ ಅವರು ನರಳುವುದು ಕೇಳುತ್ತಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ಅವರ ತಾಳ್ಮೆ ತಪ್ಪಿತು.

"ಆ ಮಾತ್ರೆ ಅರ್ಧ ನುಂಗುದ್ರೆ ಆಗಾಕಿಲ್ವಾ? ಪೂರ್ತಿ ಬ್ಯಾಡ. ಆ ಕೊನೇ ವಾರಕ್ಕೆ ಒಸಿ."

ಇವರು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಅವ್ವ, ಆ ಮಾತ್ರೆ ಮಾತು ಈ ಮನೇಲಿ ಇನ್ನೊಂದು ಸಲ ಎತ್ಬೇಡ."

"ನಾನೇನು ಕೆಟ್ಟದ್ದು ಅಂದ್ನೇನ್ಲಾ? ನನ್ ಸೊಂಟ ಕೇಳು, ಅದು ಏಳ್ತದೆ."

"ನಿನ್ ಸೊಂಟಕ್ಕೆ ಕೂಲಿಯೋರ್ನ ಕರ್ಸಾನ. ಇವ್ಳ ಕಣ್ಣಿಗೆ ಯಾರ್ನ ಕರ್ಸಾದು?"

ಅತ್ತೆ ಸಾರು ಬಡಿಸಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, "ನಿನ್ ತಾರೀಕು ಯಾವಾಗವ್ವ?" ಎಂದು ಕೇಳಿದರು. ಹೇಳಿದೆ. ಅವರು ಬೆರಳು ಮಡಚಿ ಏನೋ ಎಣಿಸಿದರು. "ಅಂಗಾದ್ರೆ ಮರಿ ಒಂದ್ ವಾರ ತಡ್ದು ತರ್ಲಿ. ಉಳ ಅಣ್ಣಾಗೋ ಒತ್ಗೆ ನೀನು ಒಳಗಿರ್ತೀಯ."

ಮರುದಿನ ಇವರು ಮರಿಹುಳು ಸಾಕಿ ಕೊಡುವವರಿಗೆ ಫೋನು ಮಾಡಿದರು. ನಾನು ಪಕ್ಕದಲ್ಲೇ ಸೊಪ್ಪು ಕತ್ತರಿಸುತ್ತಿದ್ದೆ.

"ಅಣ್ಣ, ಈ ವಾರ ಬ್ಯಾಡ, ಮುಂದಿನ್ ವಾರ ಕೊಡಿ... ಇಲ್ಲ, ಸೊಪ್ಪೈತೆ... ಮನೇನೂ ತೊಳ್ದಾಗೈತೆ... ಏನಿಲ್ಲ ಅಣ್ಣ, ಅದೇನೋ ಒಳ್ಳೆ ದಿನ ಅಲ್ಲಂತೆ, ಅವ್ವ ಏಳ್ತು." ಫೋನು ಇಟ್ಟು ನನ್ನ ಕಡೆ ತಿರುಗಿ, "ಸುಳ್ಳೇನಲ್ವಲ್ಲ," ಎಂದರು.

ಎರಡು ವರ್ಷ ನಾನು ಹುಳುವಿನ ತಾರೀಕಿಗೆ ನನ್ನನ್ನು ಹೊಂದಿಸಿಕೊಂಡಿದ್ದೆ. ಈಗ ನನ್ನ ತಾರೀಕಿಗೆ ಹುಳು ಒಂದು ವಾರ ಕಾದವು. ಇದು ಮೊದಲೇ ಯಾಕೆ ಯಾರಿಗೂ ಹೊಳೆಯಲಿಲ್ಲ ಎಂದು ಬರೆದು, ನನಗೂ ಹೊಳೆದಿರಲಿಲ್ಲವಲ್ಲ ಎಂದು ಅದರ ಕೆಳಗೇ ಬರೆದೆ.

ಲೆಕ್ಕ ಆ ಬೆಳೆಗೆ ಸರಿಹೋಯಿತು, ಮುಂದಿನದಕ್ಕೂ. ಮೂರನೆಯದಕ್ಕೆ ಕೆಟ್ಟಿತು. ಹುಳು ಹಣ್ಣಾದ ದಿನ ಬೆಳಿಗ್ಗೆಯೇ ನಾನು ಹೊರಗಾದೆ, ತಾರೀಕಿಗಿಂತ ಬಹಳ ಮುಂಚೆ. ಊರಿನಲ್ಲಿ ಎಲ್ಲರ ಹುಳುವೂ ಒಟ್ಟಿಗೆ ಹಣ್ಣಾಗಿದ್ದವು, ಕೂಲಿಗೆ ಯಾರೂ ಸಿಗಲಿಲ್ಲ. ಹಣ್ಣಾದ ಹುಳು ಕಾಯುವುದಿಲ್ಲ, ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಅತ್ತೆ ಹೊಸ್ತಿಲಲ್ಲಿ ನಿಂತು ಒಮ್ಮೆ ಒಳಗೆ, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಒಳಗೆ ಹೋಗಿ, ಹಣ್ಣುಹುಳು ಆಯ್ದು ತುಂಬಿದ ತಟ್ಟೆಯೊಂದನ್ನು ತಂದು ಅಂಗಳದ ಶೀಟಿನ ಕೆಳಗೆ ನನ್ನ ಮುಂದೆ ಇಟ್ಟರು. ಒಂದು ಚಂದ್ರಿಕೆಯನ್ನೂ ತಂದು ಗೋಡೆಗೆ ಒರಗಿಸಿದರು.

"ನಾನು ಮುಟ್ಟಬಹುದಾ ಅತ್ತೆ?"

"ನೀನು ಒಳಗೆ ಬಂದಿಲ್ವಲ್ಲ."

"ಹುಳ ಹೊರಗೆ ಬಂದಿವೆಯಲ್ಲ?"

"ಚಂದ್ರಿಕೆಗೆ ಓಗೋ ಉಳ ಇನ್ನ ಉಳ ಅಲ್ಲ ಕಣವ್ವ, ಗೂಡು. ಗೂಡಿಗೆ ಏನೂ ಆಗಾಕಿಲ್ಲ." ಮಾತು ಮುಗಿಯುವ ಮೊದಲೇ ಇನ್ನೊಂದು ತಟ್ಟೆಗೆ ಒಳಗೆ ಹೋದರು. ಈ ನಿಯಮ ಆ ಗಳಿಗೆಯಲ್ಲೇ ಹುಟ್ಟಿದ್ದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಕೈಕಾಲು ಸೋತಿದ್ದವು. ಕಿಬ್ಬೊಟ್ಟೆ ಹಿಂಡುತ್ತಿತ್ತು, ಬೆರಳು ಜುಮ್ಮೆನ್ನುತ್ತಿದ್ದವು. ಹಿಂದಿನ ವಾರವಷ್ಟೇ ಬಟ್ಟಲಿನ ಯಂತ್ರದಲ್ಲಿ ಮತ್ತೆ ಮುಖ ಇಟ್ಟು ಬಂದಿದ್ದೆ. ನರದ ಊತ ಬಹಳ ಇಳಿದಿದೆ, ಎಡಗಣ್ಣು ಪೂರ್ತಿ ಸರಿ ಎಂದಿದ್ದರು. ಬಲಗಣ್ಣಿನ ಮೂಲೆಯ ಕಪ್ಪು ಚಿಕ್ಕದಾಗಿದೆ, ಇನ್ನು ಉಳಿದದ್ದು ಉಳಿದಂತೆಯೇ ಇರಬಹುದು ಎಂದಿದ್ದರು. ಯಂತ್ರದ ಮಾತು ಅದು. ಹುಳುವಿನ ಬಣ್ಣ ನನಗೆ ಸರಿಯಾಗಿ ಕಾಣುತ್ತದೋ ಇಲ್ಲವೋ ಇನ್ನೂ ಖಾತ್ರಿಯಿರಲಿಲ್ಲ. ನನ್ನ ಪಾಲಿನ ಹಣ್ಣುಹುಳುವನ್ನು ಆ ಎರಡು ಬೆಳೆಯಲ್ಲೂ ಅತ್ತೆ ತಾವೇ ಇನ್ನೊಮ್ಮೆ ಆಯ್ದು ಬಿಡುತ್ತಿದ್ದರು.

ಒಂದು ಹುಳುವನ್ನು ಎತ್ತಿ ಬೆಳಕಿಗೆ ಹಿಡಿದೆ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದೆ. ತುಸು ತಲೆ ತಿರುಗಿಸಿಕೊಂಡರೆ ಆಯಿತು, ಜೇನಿನ ಬಣ್ಣ ಕಂಡಿತು. ಚಂದ್ರಿಕೆಗೆ ಬಿಟ್ಟೆ. ಇನ್ನೊಂದು, ಮತ್ತೊಂದು. ಅತ್ತೆ ತಟ್ಟೆ ತರುತ್ತಾ ಖಾಲಿ ತಟ್ಟೆ ಒಯ್ಯುತ್ತಾ ಇದ್ದರು. ನಾಲ್ಕನೇ ತಟ್ಟೆಯಲ್ಲಿ ಮೂರು ಹುಳು ಪಕ್ಕಕ್ಕೆ ತೆಗೆದು ಅಂಗೈಯಲ್ಲಿ ಅವರ ಮುಂದೆ ಹಿಡಿದೆ.

"ಇವು ಇನ್ನೂ ಹಸಿ ಅತ್ತೆ."

"ಆಯ್ದುದ್ದು ನಾನು ಕಣೆ. ಎಲ್ಲಿ?" ಒಂದನ್ನು ಎತ್ತಿ ಸೂರಿನಾಚೆಯ ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು. ಇನ್ನೊಂದನ್ನೂ ನೋಡಿದರು. ಮೂರನೆಯದನ್ನು ನೋಡಲಿಲ್ಲ.

"ಊಂ," ಎಂದರು. "ಇವಕ್ಕೆ ಇನ್ನೊಂದೂಟ ಬೇಕು."

ಮೂರನ್ನೂ ತಮ್ಮ ಅಂಗೈಗೆ ಹಾಕಿಕೊಂಡು ಒಳಗೆ ಹೋದರು. ಹೋಗುವಾಗ, "ಇನ್ಮೇಲೆ ನಿನ್ ಚಂದ್ರಿಕೆ ನಾನು ನೋಡಾಕಿಲ್ಲ, ನೀನೇ ನೋಡ್ಕೊ, ನಂಗೂ ಸಾಕಾಗೈತೆ," ಎಂದರು.